ನಾಯಿಯ ಬಾಯಿಯ ರೊಟ್ಟಿ

ಮೆರವಣಿಗೆಯಲ್ಲಿ ಪ್ರತಿ ವರ್ಷ ನನ್ನ ಮುಂದೆಯೇ ನಡೆಯಬೇಕೆಂದು ಹಟ ಹಿಡಿಯುತ್ತಿದ್ದ ಮೂವರು ಹೆಂಗಸರು ಹೋದ ವರ್ಷ ನನ್ನನ್ನು ಬಿಟ್ಟು ಐಡಾಳ ಮುಂದೆ ಹೋಗಿ ನಿಂತರು. ನನ್ನ ಕಾಲ ಮುಗಿಯಿತು ಎಂದು ನನಗೆ ಗೊತ್ತಾದದ್ದು ಆಗ. ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದದ್ದು ಆಮೇಲಿನ ಮಾತು.

ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ನಮ್ಮದು ಬೆಟ್ಟದ ಊರು. ಇಗರ್ಜಿ, ಎಂದರೆ ಚರ್ಚು, ತುದಿಯಲ್ಲಿದೆ, ಸಂತೆ ಬುಡದಲ್ಲಿದೆ, ನಡುವೆ ನಾವಿದ್ದೇವೆ. ಊರನ್ನು ಕಾಯುವ ಸಂತ ರೋಕರ ಹಬ್ಬಕ್ಕೆ ಒಂಬತ್ತು ಸಂಜೆಗಳ ನೊವೆನಾ ಪ್ರಾರ್ಥನೆ ಇರುತ್ತದೆ, ಮರುದಿನ ಮೆರವಣಿಗೆ. ಈ ದಿನಗಳಲ್ಲಿ ನಮ್ಮೂರಲ್ಲಿ ಯಾರು ಮೇಣದ ಬತ್ತಿ ಹಿಡಿದರೂ, ಅವರಿಗೆ ಯಾರ ಮೇಲೆ ಹೊಟ್ಟೆಕಿಚ್ಚೋ ಅವರ ಕಡೆಗೆ ಅದರ ಉರಿ ಬಾಗುತ್ತದೆ. ಬಾಗುತ್ತದೆ, ಅಷ್ಟೆ. ಹಿರಿಯರು ಅದಕ್ಕೆ ಹೊಂದಿಕೊಂಡರು, ನಾವೂ ಹೊಂದಿಕೊಂಡಿದ್ದೇವೆ. ಆ ದಿನಗಳಲ್ಲಿ ಕರೆಂಟು ಹೋದರೆ ಮನೆಯಲ್ಲಿ ಯಾರೂ ಬತ್ತಿ ಹಚ್ಚುವುದಿಲ್ಲ; ಗಂಡ ಹೆಂಡತಿ, ಅಣ್ಣ ತಮ್ಮ ಎಲ್ಲರೂ ಕತ್ತಲಲ್ಲೇ ಉಂಡು ಏಳುತ್ತಾರೆ. ಮೆರವಣಿಗೆಗೆ ಮಾತ್ರ ಬತ್ತಿ ಹಿಡಿಯಲೇಬೇಕು, ಕೈ ಅಡ್ಡ ಇಡುವಂತಿಲ್ಲ. ಅದಕ್ಕೂ ಜನ ಉಪಾಯ ಕಂಡುಕೊಂಡಿದ್ದಾರೆ. ನಡೆಯುವಾಗ ಗಾಳಿಗೆ ಉರಿ ಹಿಂದಕ್ಕೆ ಬಾಗುವುದು ಸಹಜ ತಾನೆ? ಯಾರ ಮೇಲೆ ಕಿಚ್ಚೋ ಅವರ ಮುಂದೆಯೇ ನಡೆದರಾಯಿತು. ಉರಿ ಹಿಂದಕ್ಕೆ, ಅವರ ಕಡೆಗೆ ಬಾಗಿದರೂ ಗಾಳಿ ಎನ್ನಬಹುದು.

ಈ ಉಪಾಯ ಎಲ್ಲರಿಗೂ ಗೊತ್ತಿರುವುದರಿಂದ ಇನ್ನೊಂದು ಫಜೀತಿ. ಯಾರ ಮುಂದೆ ಜನ ಹೆಚ್ಚು ನುಗ್ಗುತ್ತಾರೋ ಅವರೇ ಊರಿನ ದೊಡ್ಡವರು. ಹಾಗಾಗಿ ಎಲ್ಲರಿಗೂ ಹಿಂದೆ ಉಳಿಯುವ ಆಸೆ. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಚಪ್ಪಲಿ ಕಿತ್ತಿದೆ, ಮತ್ತೊಬ್ಬರಿಗೆ ಸಂತರ ಪಲ್ಲಕ್ಕಿಯ ಹತ್ತಿರವೇ ಇರುವ ಭಕ್ತಿ. ಪಲ್ಲಕ್ಕಿ ಬರುವುದು ಕೊನೆಯಲ್ಲಿ. ನಮ್ಮ ಮೆರವಣಿಗೆಯಷ್ಟು ನಿಧಾನವಾಗಿ ಬೆಟ್ಟ ಇಳಿಯುವ ಮೆರವಣಿಗೆ ಬೇರೆಲ್ಲೂ ಇರಲಾರದು.

ನಾನು ಸೆವ್ರಿನ್. ರೊಟ್ಟಿ ಸುಡುವವಳು. ಸೌದೆಯ ಭಟ್ಟಿ, ಬೈನೆ ಮರದ ಕಳ್ಳು ಹಾಕಿ ಹುದುಗಿಸಿದ ಹಿಟ್ಟು, ಮೇಲೆ ಗಟ್ಟಿಯಾಗಿ ಒಳಗೆ ಹತ್ತಿಯಂತಿರುವ ಉಂಡೆ ರೊಟ್ಟಿ. ನನ್ನ ಗಂಡ ಪಾವ್ಲು ಸೌದೆ ಒಡೆಯುತ್ತಾರೆ, ಬುಟ್ಟಿ ಹೊರುತ್ತಾರೆ, ಮಾತು ಕಡಿಮೆ. ಪಲ್ಲಕ್ಕಿಯಲ್ಲಿ ಕೂರಿಸುವ ಸಂತ ರೋಕರ ಪ್ರತಿಮೆಯ ಕಾಲ ಬಳಿ ಮರದ ನಾಯಿಯೊಂದು ಇದೆಯಲ್ಲ, ಕಾಯಿಲೆ ಬಿದ್ದ ಸಂತರಿಗೆ ಕಾಡಿನಲ್ಲಿ ರೊಟ್ಟಿ ತಂದುಕೊಟ್ಟ ನಾಯಿ, ಅದರ ಬಾಯಲ್ಲಿ ಹಬ್ಬದ ದಿನ ನಿಜವಾದ ರೊಟ್ಟಿ ಇಡುತ್ತಾರೆ. ಆಮೇಲೆ ಅದನ್ನು ಮುರಿದು ಊರಿನ ರೋಗಿಗಳಿಗೆ ಹಂಚುತ್ತಾರೆ. ನಾನು ಮದುವೆಯಾಗಿ ಬಂದ ಮೇಲೆ ಆ ರೊಟ್ಟಿ ನನ್ನದೇ. ನಾಯಿಯ ಬಾಯಿಗೆ ಹೋದ ರೊಟ್ಟಿ ಯಾರದೋ, ವರ್ಷವಿಡೀ ಜನ ರೊಟ್ಟಿ ಕೊಳ್ಳುವುದು ಅವರಿಂದಲೇ. ನನಗೆ ಮಕ್ಕಳಿಲ್ಲ. ಊರಲ್ಲಿ ನನ್ನದು ಅಂತ ಇದ್ದದ್ದು ಆ ರೊಟ್ಟಿ.

ಐಡಾ ಬಂದದ್ದು ಎರಡು ವರ್ಷದ ಹಿಂದೆ, ಬಯಲು ಸೀಮೆಯಿಂದ. ಮೂವತ್ತರ ಹೆಂಗಸು, ಗುಂಗುರು ಕೂದಲು, ನಕ್ಕರೆ ಕಣ್ಣು ಮುಚ್ಚಿಹೋಗುತ್ತದೆ. ಅವಳ ಗಂಡ ಫೆಲಿಕ್ಸ್ ಮೇಲಿನ ತಿರುವಿನಲ್ಲಿ ಅಂಗಡಿ ಹಿಡಿದು, ಕರೆಂಟಿನ ಒಲೆ ತಂದು, 'ಸಿಲ್ವಿಯಾ ಬೇಕರಿ' ಎಂದು ಬೋರ್ಡು ಹಾಕಿದ. ಅವರ ರೊಟ್ಟಿಯನ್ನು ಗುಟ್ಟಾಗಿ ತರಿಸಿ ತಿಂದೆ. ಚೆನ್ನಾಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಈ ವರ್ಷ ಗುರ್ಕಾರ ಬಸ್ತ್ಯಾಂವ್ ಅಂಗಡಿಗೆ ಬಂದ. ಗುರ್ಕಾರ ಎಂದರೆ ಇಗರ್ಜಿಯ ಪರವಾಗಿ ನಮ್ಮ ಬೀದಿಯ ಕೆಲಸ ನೋಡಿಕೊಳ್ಳುವವನು. ಒಂದು ಬಿಸಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, "ಸೆವ್ರಿನ್ ಬಾಯಿ, ಬೇಜಾರು ಮಾಡ್ಬೇಡಿ. ಈ ಸಲ ಐಡಾಳ ರೊಟ್ಟಿ ಇಡುವ ಅಂತ ಸುಮಾರು ಜನ ಹೇಳ್ತಾ ಇದ್ದಾರೆ" ಎಂದ. ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಬಾಯಿ ಎಂದೇ.

"ಸುಮಾರು ಜನ ಅಂದ್ರೆ ನಿನ್ನ ಹೆಂಡತಿ."

"ಅವಳೂ ಉಂಟು. ಅದಕ್ಕೇ ಫಾದರ್ ಒಂದು ದಾರಿ ಹೇಳಿದ್ದಾರೆ. ಒಂಬತ್ತನೇ ಸಂಜೆ ಬಾಗಿಲು ಕಿಟಕಿ ಎಲ್ಲ ಹಾಕಿ, ನೀವಿಬ್ಬರೂ ಪೀಠದ ಮುಂದೆ ಬತ್ತಿ ಹಿಡಿದು ನಿಲ್ಲುವುದು. ಯಾರ ಉರಿ ನೆಟ್ಟಗೆ ನಿಲ್ತದೋ ಅವರ ರೊಟ್ಟಿ. ಹೊಟ್ಟೆಕಿಚ್ಚಿನ ಕೈಯ ರೊಟ್ಟಿ ರೋಗಿಗೆ ಕೊಡ್ಲಿಕ್ಕೆ ಆಗ್ತದಾ, ನೀವೇ ಹೇಳಿ."

ಅವನು ಬಾಯಲ್ಲಿ ಅಗಿಯುತ್ತಿದ್ದದ್ದು ಅದೇ ಕೈಯ ರೊಟ್ಟಿ.

ಒಂಬತ್ತು ಸಂಜೆಯೊಳಗೆ ಹೊಟ್ಟೆಕಿಚ್ಚು ಬಿಡಿಸಿಕೊಳ್ಳಬೇಕಿತ್ತು. ಪ್ರಾರ್ಥನೆಯಿಂದ ಆಗುತ್ತದೆ ಎನ್ನುತ್ತಾರೆ. ನನಗೆ ಬದುಕು ಬೇರೆ ಕಲಿಸಿದೆ. ಯಾರ ಮೇಲಾದರೂ ಕಿಚ್ಚು ಬಂದರೆ ಅವರ ಅಡುಗೆಮನೆಗೆ ಹೋಗಬೇಕು. ಪ್ರತಿ ಅಡುಗೆಮನೆಯಲ್ಲೂ ಒಂದು ಕಷ್ಟ ಮುಚ್ಚಿಟ್ಟ ಪಾತ್ರೆಯಲ್ಲಿ ಇರುತ್ತದೆ. ಅದನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತದೆ, ಪಾಪ ಅನ್ನಿಸಿದ ಮೇಲೆ ಕಿಚ್ಚು ಉಳಿಯುವುದಿಲ್ಲ. ಹಾಗಾಗಿ ಒಂದು ಸೀಸೆ ಬೇಲದ ಹಣ್ಣಿನ ಜಾಮು ಹಿಡಿದುಕೊಂಡು ಐಡಾಳ ಮನೆಗೆ ಹೋದೆ.

ಹೋಗಬಾರದಿತ್ತು. ಮನೆ ಗುಡಿಸಿ ಒರೆಸಿ ಕನ್ನಡಿ ಹಾಗಿತ್ತು. ಫೆಲಿಕ್ಸ್ ಮೊಣಕೈ ತನಕ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದ, ಹಾಡುತ್ತಲೂ ಇದ್ದ! ನನ್ನವರು ಹಾಡಿದ್ದು ನಮ್ಮ ಮದುವೆಯಲ್ಲಿ, ಅದೂ ಯಾರೋ ಕುಡಿಸಿದ್ದರಿಂದ. ಐಡಾ ಕುರ್ಚಿ ಒರೆಸಿ ಕೂರಿಸಿದಳು. "ಬಾಯಿ, ನಿಮ್ಮ ರೊಟ್ಟಿಯ ಹೊರಗಿನ ಆ ಗಟ್ಟಿ ನಮಗೆ ಬರುವುದೇ ಇಲ್ಲ" ಎಂದಳು. ಹೊಗಳುತ್ತಾಳೆ ಬೇರೆ!

ಕೆದಕಿ ನೋಡಿದೆ. "ಗಂಡ ಕುಡಿಯುವುದುಂಟಾ?" ಇಲ್ಲ. "ಅತ್ತೆ?" ದೂರದಲ್ಲಿದ್ದಾರೆ, ಒಳ್ಳೆಯವರು. "ಈ ಚಳಿ ಆಗಿಬರ್ತದಾ?" ಚಳಿ ಇಷ್ಟವಂತೆ.

"ಎಲ್ಲ ಸಿಲ್ವಿಯಾಳ ಅಳತೆ" ಎಂದು ಫೆಲಿಕ್ಸ್ ಹಿಟ್ಟನ್ನು ತಟ್ಟಿ ತೋರಿಸಿದ. "ಮೇಲೆ ಮೂರು ಗೀರು ಹಾಕಬೇಕು. ಆಗಲೇ ಅದು ಸಿಲ್ವಿಯಾ ರೊಟ್ಟಿ." ಬೋರ್ಡಿನ ಹೆಸರು, ಅವನ ತಾಯಿಯದೋ ಕಂಪೆನಿಯದೋ ಇರಬೇಕು ಅಂದುಕೊಂಡೆ. ಐಡಾ ಮೂರು ಗೀರು ಹಾಕಿದಳು. ಹೊರಡುವಾಗ ನನ್ನ ಸೀಸೆಗೆ ಪ್ರತಿಯಾಗಿ ಒಂದು ಕೇಕು ಕೊಟ್ಟಳು. ಬುಡಕ್ಕೆ ಕಾಗದ ಹಾಕಿದ, ಅಂಚು ಸುಡದ ಕೇಕು.

"ಎಂತ ಆಯ್ತು?" ಎಂದು ಕೇಳಿದರು ಪಾವ್ಲು.

"ಅವಳಿಗೆ ಒಂದು ಹಲ್ಲುನೋವು ಸಹ ಇಲ್ಲ."

"ಒಳ್ಳೇದಾಯ್ತಲ್ಲ" ಎಂದು ಅವರು ಕೇಕಿನ ಅರ್ಧ ಮುಗಿಸಿದರು.

ಒಂಬತ್ತನೇ ಸಂಜೆ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಸಂದುಗಳಿಗೂ ಬಟ್ಟೆ ತುರುಕಿದ್ದರು. ನನ್ನ ಪಕ್ಕದಲ್ಲಿ, ಎರಡು ಮಾರು ಆಚೆ, ಐಡಾ. ಬಸ್ತ್ಯಾಂವ್ ಎರಡೂ ಬತ್ತಿಗೆ ಬೆಂಕಿ ಹಚ್ಚಿ ಹಿಂದೆ ಸರಿದ. ನಾನು ಕಣ್ಣು ಮುಚ್ಚಿ ಅವಳ ಬಗ್ಗೆ ಒಳ್ಳೆಯದನ್ನು ನೆನೆಯಲು ಹೊರಟೆ. ನೆನಪಾದದ್ದು ಆ ಕೇಕು. ಹಿಂದಿನ ಸಾಲಿನಲ್ಲಿ ಯಾರೋ "ಚ್ಚು" ಎಂದರು. ಕಣ್ಣು ತೆರೆದರೆ ನನ್ನ ಉರಿ ಬೆರಳು ತೋರಿಸಿದ ಹಾಗೆ ಐಡಾಳ ಕಡೆಗೆ ಅಡ್ಡ ಮಲಗಿತ್ತು. ಮೇಣ ಒಂದೇ ಬದಿಯಲ್ಲಿ ಕರಗಿ ನನ್ನ ಕೈಮೇಲೆ ಸುರಿಯುತ್ತಿತ್ತು.

ಐಡಾಳದು ನೆಟ್ಟಗೆ ನಿಂತಿತ್ತು. ಬರೀ ನೆಟ್ಟಗಲ್ಲ, ದಾರ ಕಟ್ಟಿ ಮೇಲಿನಿಂದ ಯಾರೋ ಎಳೆದ ಹಾಗೆ. ಬಸ್ತ್ಯಾಂವ್ ಪರೀಕ್ಷೆಗೆಂದು ತನ್ನ ಟೊಪ್ಪಿಯಿಂದ ಗಾಳಿ ಬೀಸಿದ, ಅದು ಅಲುಗಲಿಲ್ಲ. ಜನ ಶಿಲುಬೆಯ ಗುರುತು ಮಾಡಿಕೊಂಡರು. ಹತ್ತಾರು ವರ್ಷ ನನ್ನ ರೊಟ್ಟಿ ತಿಂದವರು ನನ್ನ ಮುಖ ನೋಡದೆ ಹೊರಗೆ ಹೋದರು. ನಮ್ಮೂರಲ್ಲಿ ಅದು ಮರ್ಯಾದೆ, 'ಬತ್ತಿ ನೋಡಬೇಡ, ದಾರಿ ನೋಡು' ಎನ್ನುತ್ತಾರೆ. ಆ ದಿನ ಮಾತ್ರ ಯಾರಾದರೂ ನಿಂತು ಬೈದಿದ್ದರೆ ಚೆನ್ನಾಗಿತ್ತು.

ಹಬ್ಬದ ಬೆಳಿಗ್ಗೆ ನಾನು ಭಟ್ಟಿಗೆ ಬೆಂಕಿ ಹಾಕಿ ಕೂತಿದ್ದೆ. ಅಭ್ಯಾಸಬಲ. ಹಿತ್ತಿಲ ಬಾಗಿಲಲ್ಲಿ ಐಡಾ ಬಂದು ನಿಂತಳು. ಅತ್ತು ಕಣ್ಣು ಊದಿತ್ತು.

"ಗೆದ್ದವರು ಅಳುವುದು ನಾನು ನೋಡಿರ್ಲಿಲ್ಲ" ಎಂದೆ.

"ಬಾಯಿ, ನಾನು ಗೆದ್ದಿಲ್ಲ. ನನ್ನ ಬತ್ತಿ ಸುಳ್ಳು ಹೇಳಿದ್ದಲ್ಲ, ನೀವೆಲ್ಲ ತಪ್ಪು ನೋಡಿದ್ದು. ಸಿಲ್ವಿಯಾ ಅಂದ್ರೆ ಇವರ ಮೊದಲ ಹೆಂಡತಿ. ತೀರಿಕೊಂಡು ಆರು ವರ್ಷ ಆಯ್ತು."

ನನಗೆ ಕೂಡಲೇ ಹೊಳೆಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ಹಿಟ್ಟು ಅವಳ ಅಳತೆ, ಗೀರು ಅವಳದು, ಬೋರ್ಡು ಅವಳದು. ನಾನು ನಾದಿದ್ರೂ ಇವರು ಹೇಳುವುದು ಸಿಲ್ವಿಯಾ ರೊಟ್ಟಿ ಅಂತ. ಇವರು ಕೆಟ್ಟವರಲ್ಲ ಬಾಯಿ, ಕೆಟ್ಟವರಾಗಿದ್ರೆ ಜಗಳ ಮಾಡ್ಬಹುದಿತ್ತು. ಮೂರು ಹೊತ್ತೂ ನನಗೆ ಅವಳ ಮೇಲೆ ಉರಿ. ಅವಳಿರುವುದು ಮೇಲೆ. ಬತ್ತಿ ಮತ್ತೆಲ್ಲಿಗೆ ತೋರಿಸ್ಬೇಕು?"

ನೆಟ್ಟಗೆ ನಿಂತ ಉರಿ ಕಂಡು ನಾವು ಯಾರ್‍ಯಾರನ್ನೆಲ್ಲ ದೊಡ್ಡ ಮನಸ್ಸಿನವರು ಎಂದು ಹೊಗಳಿದ್ದೆವು! ನನ್ನ ಗಂಡನನ್ನೂ ಸೇರಿಸಿ. ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ಪಾವ್ಲುವನ್ನು ಒಂದು ಸಲ ಹೊಸದಾಗಿ ನೋಡಿದೆ.

"ಇವತ್ತು ಅವಳ ರೊಟ್ಟಿ ಸಂತರ ಮುಂದೆ ಹೋಗ್ತದೆ" ಎಂದಳು ಐಡಾ. "ಇವರು ನಿನ್ನೆಯಿಂದ ಖುಷಿಯಲ್ಲಿ ಅಳ್ತಾ ಇದ್ದಾರೆ, ಸಿಲ್ವಿಯಾಳ ರೊಟ್ಟಿ ನಾಯಿಯ ಬಾಯಿಗೆ ಬಂತು ಅಂತ. ನನಗೆ ಆಗುವುದಿಲ್ಲ. ನೀವೇ ಹೋಗಿ ಗುರ್ಕಾರರಿಗೆ ವಿಷಯ ಹೇಳಿ. ರೊಟ್ಟಿ ನಿಮ್ಮದೇ ಇಡ್ಲಿ."

ಇದ್ದದ್ದು ಹೇಳುತ್ತೇನೆ, ನಾನು ಎದ್ದು ಚಪ್ಪಲಿ ಮೆಟ್ಟಿದೆ. ಬಸ್ತ್ಯಾಂವನ ಮನೆ ಕೂಗಳತೆಯಲ್ಲಿದೆ. ಅವನ ಹೆಂಡತಿಯ ಮುಖ ಹೇಗಾದೀತು ಎಂಬುದು ಕೂಡ ಕಣ್ಣಿಗೆ ಕಟ್ಟಿತ್ತು. ಬಾಗಿಲ ತನಕ ಹೋದೆ. ಹಿಂದಿನಿಂದ ಐಡಾ ಮೂಗು ಒರೆಸಿಕೊಂಡು, "ಒಂದು ವೇಳೆ ಅವಳು ಕೆಳಗೆ ನರಕಕ್ಕೆ ಹೋಗಿದ್ರೆ ಬತ್ತಿಯಾದ್ರೂ ಕೆಳಗೆ ಬಗ್ತಿತ್ತು, ನಾನು ಸಿಕ್ಕಿಬೀಳ್ತಿದ್ದೆ. ಹಾಳಾದವಳು, ಅಷ್ಟು ಒಳ್ಳೆಯವಳಂತೆ" ಎಂದಳು.

ನನಗೆ ನಗು ಬಂದುಬಿಟ್ಟಿತು. ತಡೆಯಲು ಹೋದೆ, ಮೂಗಿನಲ್ಲಿ ಬಂತು. ಅವಳೂ ಅಳುತ್ತಲೇ ನಕ್ಕಳು. ಹಾಗೆ ನಗಿಸಿದವಳ ಮೇಲೆ ಚಾಡಿ ಹೇಳಲು ಹೋಗುವುದು ಹೇಗೆ? ಅಲ್ಲದೆ, ಹೀಗೆ ವಾಪಸು ಬಂದ ರೊಟ್ಟಿಗೆ ಬೆಲೆಯೂ ಇರಲಿಲ್ಲ. ನನ್ನ ಬತ್ತಿ ಮಲಗಿದ್ದನ್ನು ಊರೇ ನೋಡಿದೆ. ಇನ್ನು ರೊಟ್ಟಿ ಇಟ್ಟರೂ ಅದು ಕನಿಕರದ ರೊಟ್ಟಿ. ಚಪ್ಪಲಿ ಬಿಚ್ಚಿದೆ.

"ನಿನಗೆ ನಿನ್ನದೇ ರೊಟ್ಟಿ ಅಂತ ಬರ್ತದಾ?"

"ಹಾಗಂದ್ರೆ ಎಂತ?"

"ಯಾರ ಅಳತೆಯೂ ಇಲ್ಲದ್ದು."

"ನನ್ನ ಅಮ್ಮ ಓಮ ಹಾಕಿ ಒಂದು ಮಾಡ್ತಿದ್ದರು. ಚಂದ ಏನಿರ್ಲಿಲ್ಲ."

"ಕೈ ತೊಳ್ಕೊ."

ನನ್ನ ಹಿಟ್ಟು ಹುದುಗಿ ಸಿದ್ಧವಿತ್ತು. ಒಂದು ಉಂಡೆ ಕಿತ್ತು ಅವಳ ಮುಂದೆ ಎಸೆದೆ. ನನ್ನ ಕಳ್ಳಿನ ಹುದುಗು, ನನ್ನ ಭಟ್ಟಿ. ನನ್ನ ಹೆಸರು ಹೋಗದಿದ್ದರೂ ಇಷ್ಟಾದರೂ ನಾಯಿಯ ಬಾಯಿಗೆ ಹೋಗಲಿ ಎಂಬ ಲೆಕ್ಕ ನನ್ನಲ್ಲಿ ಇರಲಿಲ್ಲ ಎನ್ನಲಾರೆ. ಅವಳು ಓಮ ಸೇರಿಸಿ ನಾದಿದಳು. ಚಾಕು ಎತ್ತಿ ಮೂರು ಗೀರು ಹಾಕಲು ಹೋದವಳು ನಿಂತಳು. ಚಾಕು ಕೆಳಗಿಟ್ಟು, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತಿದಳು. ಸುಟ್ಟು ತೆಗೆದಾಗ ರೊಟ್ಟಿ ಒಂದು ಕಡೆ ಉಬ್ಬಿ ಸೊಟ್ಟಗಾಗಿತ್ತು.

ಪಾವ್ಲು ಸೌದೆ ಹೊತ್ತು ಒಳಗೆ ಬಂದರು. ದಿನಾ ಮಾಡುವ ಹಾಗೆ ನನ್ನ ಬಿಸಿ ರೊಟ್ಟಿಯೊಂದನ್ನು ಎತ್ತಿ, ಮುರಿದು, ನಿಂತೇ ತಿಂದರು. "ಉಪ್ಪು ಕಮ್ಮಿ" ಎಂದರು. ಇನ್ನೊಂದು ಎತ್ತಿಕೊಂಡರು.

"ಕಮ್ಮಿಯಾದ್ರೆ ಎರಡನೇದು ಯಾಕೆ?"

"ಸರಿ ಉಂಟಾ ನೋಡ್ಲಿಕ್ಕೆ" ಎಂದು ಹೊರಟುಹೋದರು.

ಐಡಾ ಅವರು ಹೋದ ಬಾಗಿಲನ್ನೇ ನೋಡುತ್ತಿದ್ದಳು. "ನಿಮ್ಮವರಿಗೆ ಬೇರೆ ಯಾರ ರೊಟ್ಟಿಯೂ ಗೊತ್ತಿಲ್ಲ, ಅಲ್ವಾ ಬಾಯಿ?"

"ಎಲ್ಲಿಂದ ಗೊತ್ತಾಗ್ಬೇಕು? ಅಷ್ಟು ದೂರ ನಡೆಯುವ ಜನ ಅಲ್ಲ" ಎಂದೆ. ಅವಳು ತನ್ನ ಸೊಟ್ಟ ರೊಟ್ಟಿ ಎತ್ತಿಕೊಂಡು ಹೊರಟಳು.

ಮಧ್ಯಾಹ್ನ ಪಲ್ಲಕ್ಕಿಯ ಬಳಿ ಫೆಲಿಕ್ಸ್ ಮೂರು ಗೀರಿನ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಕಾಯುತ್ತಿದ್ದ. ಐಡಾ ಅವನನ್ನು ದಾಟಿ ಹೋಗಿ ತನ್ನ ಸೊಟ್ಟ ರೊಟ್ಟಿಯನ್ನು ಬಸ್ತ್ಯಾಂವನ ಕೈಗೆ ಕೊಟ್ಟಳು.

"ಇದು ಸಿಲ್ವಿಯಾ ರೊಟ್ಟಿಯ ಹಾಗೆ ಇಲ್ಲವಲ್ಲ" ಎಂದ ಫೆಲಿಕ್ಸ್.

"ಇಲ್ಲ. ಇದು ನನ್ನದು" ಎಂದಳು. ಅವನು ಅವಳನ್ನು ನೋಡಿದ, ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನೋಡಿದ. ಆಮೇಲೆ ಮೆಲ್ಲಗೆ ತಲೆಯಾಡಿಸಿದ. ಸೊಟ್ಟ ರೊಟ್ಟಿ ನಾಯಿಯ ಬಾಯಲ್ಲಿ ಸರಿಯಾಗಿ ಕೂರಲಿಲ್ಲ. ಬಸ್ತ್ಯಾಂವ್ ಗೊಣಗುತ್ತಾ ದಾರ ಕಟ್ಟಿದ.

ರೊಟ್ಟಿ ಕೊಟ್ಟವರು ನಡೆಯಬೇಕಾದದ್ದು ಎಲ್ಲರಿಗಿಂತ ಹಿಂದೆ, ಪಲ್ಲಕ್ಕಿಯ ಮುಂದೆ. ಐಡಾಳ ಮುಂದಿನ ಜಾಗಕ್ಕೆ ನೂಕುನುಗ್ಗಲು. ಪಾವ್ಲು ನನಗಾಗಿ ಮೊಣಕೈ ಚಾಚಿ ಒಂದು ಜಾಗ ಹಿಡಿದಿದ್ದರು, ಐಡಾಳ ನೇರ ಮುಂದೆ. ಪಾಪ, ನನ್ನ ಮಾನ ಉಳಿಸಲೆಂದು. ಅಲ್ಲಿ ನನ್ನ ಉರಿ ಎಷ್ಟು ಬಾಗಿದರೂ ಗಾಳಿಯ ಲೆಕ್ಕಕ್ಕೆ ಹೋಗುತ್ತಿತ್ತು. ಅವರ ಬತ್ತಿಯನ್ನು ಗಮನಿಸಿದೆ. ಗಾಳಿ ಬಂದಾಗ ಬಾಗುತ್ತಿತ್ತು, ಗಾಳಿ ನಿಂತಾಗ ನೆಟ್ಟಗಾಗುತ್ತಿತ್ತು. ಸದ್ಯ, ಈ ಮನುಷ್ಯನಿಗೆ ಮೇಲೆ ಕೆಳಗೆ ಯಾರ ಮೇಲೂ ಏನೂ ಇಲ್ಲ.

ದೊಡ್ಡ ತಿರುವು ದಾಟಿ ಇಳಿಜಾರು ಶುರುವಾಯಿತು. ಕಣಿವೆಯಿಂದ ಎದುರುಗಾಳಿ. ಕೊರಳು ತಿರುಗಿಸಿ ಐಡಾಳನ್ನು ನೋಡಿದೆ. ಅವಳ ಉರಿ ಇನ್ನೂ ಗಾಳಿಗೆ ಬಗ್ಗದೆ ನಿಂತಿತ್ತು, ಬದಿಯಲ್ಲಿ ನಿಂತ ಜನ ಕೈಮುಗಿಯುತ್ತಿದ್ದರು. ಆಗ ಪಾವ್ಲು ನನ್ನ ಸೆರಗು ಎಳೆದು, ಜೇಬಿನಿಂದ ಅರ್ಧ ರೊಟ್ಟಿ ತೆಗೆದು ಕೊಟ್ಟರು. "ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ ನೀನು."

"ಮೆರವಣಿಗೆಯಲ್ಲಿ ತಿನ್ನುವುದಾ? ಬುದ್ಧಿ ಉಂಟಾ ನಿಮಗೆ?" ಎಂದು ಗದರಿದೆ. ಆದರೂ ಬಾಯಿಗೆ ಹಾಕಿಕೊಂಡೆ.

ಹಿಂದಿನಿಂದ ಐಡಾ "ಬಾಯಿ" ಎಂದು ಪಿಸುಗುಟ್ಟಿದಳು. ತಿರುಗಿದೆ. ಅವಳ ಉರಿ ತುದಿಯಲ್ಲಿ ನಡುಗಿ, ಮೇಲಿನ ಹಿಡಿತ ಬಿಟ್ಟ ಹಾಗೆ ಸಡಿಲವಾಗಿ, ಎದುರುಗಾಳಿಗೆ ವಿರುದ್ಧವಾಗಿ ಮುಂದಕ್ಕೆ ಬಾಗುತ್ತಿತ್ತು. ನನ್ನ ಕಡೆಗೆ. ನಾನು ಒಂದು ಹೆಜ್ಜೆ ಎಡಕ್ಕೆ ಇಟ್ಟೆ, ಅದೂ ಎಡಕ್ಕೆ ತಿರುಗಿತು.

ಅವಳ ಮುಖ ಬಿಳಿಚಿತ್ತು. ಉರಿ ಬಾಗಿದ್ದನ್ನು ಜನ ಕಂಡರೆ ಅಲ್ಲೇ ಪಲ್ಲಕ್ಕಿ ಇಳಿಸಿ ನಾಯಿಯ ಬಾಯಿಂದ ರೊಟ್ಟಿ ಕೀಳುತ್ತಾರೆ. ಅವಳ ಬದುಕಿನ ಮೊದಲ ಸ್ವಂತ ರೊಟ್ಟಿ. ಮುಂದೆ ದಾರಿ ತೋರುತ್ತಿದ್ದ ಬಸ್ತ್ಯಾಂವ್ ಆಗಲೇ ಹಿಂದೆ ತಿರುಗಿ ಸಾಲು ಸರಿಪಡಿಸುತ್ತಾ ಬರುತ್ತಿದ್ದ.

ಯೋಚಿಸಲು ಹೊತ್ತಿರಲಿಲ್ಲ. ನಾನು ನಿಂತೆ. ಅಕ್ಕಪಕ್ಕದವರು ಮುಂದೆ ಹೋದರು, ಐಡಾಳೂ ದಾಟಿದಳು. ನಾನು ಅವಳ ಬೆನ್ನ ಹಿಂದೆ, ನಾಯಿಯ ಮುಂದೆ ಸೇರಿಕೊಂಡೆ. ಅವಳ ಉರಿ ನನ್ನನ್ನು ಹುಡುಕಿಕೊಂಡು ಹಿಂದಕ್ಕೆ ಹೊರಳಿತು, ಗಾಳಿಗೆ ಬಾಗಿದ ಯಾವುದೇ ಉರಿಯ ಹಾಗೆ. ಆದರೆ ನನ್ನ ಉರಿ ಈಗ ಗಾಳಿಗೆ ಎದೆಕೊಟ್ಟು ಐಡಾಳ ಬೆನ್ನಿಗೆ ಚಾಚಿಕೊಂಡಿತು. ಬದಿಯಲ್ಲಿದ್ದವರೆಲ್ಲ ನೋಡಿದರು. ಆ ಮೂವರು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡೇ ನೋಡಿದರು.

ಬಸ್ತ್ಯಾಂವ್ ಹತ್ತಿರ ಬಂದ. ಐಡಾಳ ಬತ್ತಿ ನೋಡಿದ. "ಅಂತೂ ಈ ಗಾಳಿಗೆ ಇದೂ ಬಗ್ಗಿತು" ಎಂದ. ಆಮೇಲೆ ನನ್ನದನ್ನು ನೋಡಿದ. "ಎಂತ ಬಾಯಿ ಇದು?"

"ಗಾಳಿ."

"ಗಾಳಿ ಎದುರಿಂದ ಬರ್ತಾ ಉಂಟು ಮಾರಾಯ್ರೆ."

"ಹಾಗಾದ್ರೆ ಹೊಟ್ಟೆಕಿಚ್ಚು. ನಿನ್ನೆ ನೋಡಿದ್ದು ಸಾಕಾಗ್ಲಿಲ್ವಾ? ನಡಿ ಮುಂದೆ, ಪಲ್ಲಕ್ಕಿ ಹೊತ್ತವರ ಹೆಗಲು ಬೀಳ್ತದೆ."

ಅವನು ನಾಲಿಗೆ ಕಚ್ಚಿಕೊಂಡು ನಡೆದ. ನಾಚಿಕೆಯಾಯಿತು, ಆಗಲಿಲ್ಲ ಎನ್ನುವುದಿಲ್ಲ. ಕಿವಿಯ ತನಕ ಬಿಸಿಯಾಯಿತು. ನನ್ನ ಕಿಚ್ಚು ಎಲ್ಲೂ ಹೋಗಿರಲಿಲ್ಲ; ನನ್ನ ಜಾಗದಲ್ಲಿ ಅವಳಿದ್ದಳು, ನನ್ನ ನಾಯಿಯ ಬಾಯಲ್ಲಿ ಅವಳ ಓಮದ ವಾಸನೆ ಇತ್ತು.

ಆದರೆ ನನ್ನ ಎದೆಯ ಹತ್ತಿರ ಅವಳ ಪುಟ್ಟ ಉರಿ ಚಾಚಿಕೊಂಡಿತ್ತು. ಅದು ಅವಳ ತೋಳಿನ ಪಕ್ಕದಿಂದ ನನ್ನತ್ತ ಬಗ್ಗಿ ನೋಡುತ್ತಿತ್ತು, ತಲೆ ಆಡಿಸುತ್ತಿತ್ತು. ನನ್ನ ಮುಂದೆ ನಡೆದ ಹೆಂಗಸರ ಉರಿಯನ್ನು ಗಾಳಿಯ ನೆಪದಲ್ಲಿ ಎಷ್ಟೋ ವರ್ಷ ಕಂಡಿದ್ದೆ. ಗಾಳಿಯನ್ನೂ ಮೀರಿ, ಸತ್ತವಳೊಬ್ಬಳನ್ನು ಬಿಟ್ಟು ನನ್ನನ್ನು ಹುಡುಕಿಕೊಂಡು ಬಂದದ್ದು ಇದೊಂದೇ. ಅದೂ ಯಾತಕ್ಕೆ? ನಿಂತಲ್ಲೇ ನನ್ನ ರೊಟ್ಟಿ ತಿಂದು ಉಪ್ಪು ಕಮ್ಮಿ ಎನ್ನುವ ಗಂಡನಿಗಾಗಿ. ಮುಂದೆ ಪಾವ್ಲು ನನ್ನನ್ನು ಕಾಣದೆ ಗಾಬರಿಯಿಂದ ಅತ್ತಿತ್ತ ನೋಡುತ್ತಿದ್ದರು. ಅಂಗಿಯ ಮೇಲೆಲ್ಲ ರೊಟ್ಟಿಯ ಪುಡಿ.

"ಬಾಯಿ," ಐಡಾ ತಿರುಗದೆ ಪಿಸುಗುಟ್ಟಿದಳು, "ನನಗೆ ಹೆದರಿಕೆ ಆಗ್ತದೆ. ಕೆಮ್ಮಿದ ಹಾಗೆ ಮಾಡಿ ಬತ್ತಿ ಆರಿಸಿಬಿಡ್ಲಾ?"

"ಬೇಡ" ಎಂದೆ. "ಇರ್ಲಿ. ಸ್ವಲ್ಪ ಹೊತ್ತು ಹಾಗೇ ಇರ್ಲಿ."